ಸ್ಮ್ಯಾಷ್ ಇಲ್ಲದ ನಮ್ಮ ಡಬಲ್ಸ್

ಕಳೆದ ವರ್ಷ ರಾಜ್ಯ ಮಟ್ಟದ ಒಂದು ಬ್ಯಾಡ್ಮಿಂಟನ್ ಟೂರ್ನಿಯಲ್ಲಿ ಮಹಿಳಾ ಡಬಲ್ಸ್ ಗೆದ್ದೆವು. ಫೈನಲ್ ಒಂದು ಗಂಟೆ ಹತ್ತು ನಿಮಿಷ ನಡೆದಿರಬೇಕು. ಅಷ್ಟು ಹೊತ್ತಿನಲ್ಲಿ ನಾವಿಬ್ಬರೂ ಸೇರಿ ಹೊಡೆದ ಸ್ಮ್ಯಾಷ್ (ಮೇಲಿಂದ ಕೆಳಕ್ಕೆ ಜೋರಾಗಿ ಬಾರಿಸುವ ಹೊಡೆತ) ಇಪ್ಪತ್ತು ದಾಟಿರಲಿಕ್ಕಿಲ್ಲ, ಅದರಲ್ಲೂ ನಾಲ್ಕೈದು ನೆಟ್ಟಿಗೆ. ಉಳಿದದ್ದೆಲ್ಲ ಲಿಫ್ಟ್, ಬ್ಲಾಕ್, ಡ್ರೈವ್, ಅಂದರೆ ಎತ್ತಿ ಹಿಂದಕ್ಕೆ ಕಳಿಸೋದು, ತಡೆದು ನೆಟ್ ಹತ್ತಿರ ಬೀಳಿಸೋದು, ನೆಟ್ ಮೇಲಿಂದ ನೇರಕ್ಕೆ ತಳ್ಳೋದು. ಮುಗಿದ ಮೇಲೆ ಹಳೇ ಕೋಚ್ ಒಬ್ಬರು ಬಂದು ಕೈಕುಲುಕಿದರು. ಹಿಂದೆ ಇವರೇ "ಹಿಂಗೆ ಆಡಿದ್ರೆ ನೀವಿಬ್ಬರೂ ಮಂಡ್ಯ ಜಿಲ್ಲೆ ದಾಟಲ್ಲ" ಅಂದವರು. ನಾನು ಸುಮ್ಮನಿದ್ದೆ. ಪಾರ್ಟ್ನರ್ ಬಿಡಬೇಕಲ್ಲ, "ಮದ್ದೂರು ದಾಟಿದ್ವಿ ಅಲ್ವಾ ಸಾರ್" ಅಂದುಬಿಟ್ಟಳು.

ನಾನು ಐದಡಿ ಒಂದಿಂಚು. ಅವಳು ನನಗಿಂತ ಒಂದಿಂಚು ಜಾಸ್ತಿ, ಅದನ್ನು ದಿನಕ್ಕೊಮ್ಮೆ ಹೇಳುತ್ತಾಳೆ. ಸಿಂಗಲ್ಸ್ ಬಿಟ್ಟಾಗ ನನಗೆ ಹದಿನೇಳು. ಸಿಂಗಲ್ಸ್ ಆಗದವರು ಡಬಲ್ಸ್ ಆಡೋದು ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದರ ಮೇಲೆ ಎಲ್ಲರ ಬಾಯಲ್ಲೂ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ, 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಅಶ್ವಿನಿ ಥರ ಹೊಡೀರಿ, ಹೊಡೀರಿ ಅಂತ ಎಲ್ಲರೂ ಅನ್ನೋರೇ. ಅವರ ಸ್ಮ್ಯಾಷ್ ನೋಡಿದ್ದೀರಲ್ಲ, ಅದು ಹೇಳಿಕೊಟ್ಟು ಬರೋದಾ? ನಾವು ಎರಡು ವರ್ಷ ಹೊಡೆಯಲು ಹೋಗಿ ನನ್ನ ಭುಜ ಹೋಯಿತು. ಫಿಸಿಯೋಗೆ ಹದಿನೆಂಟು ಸಾವಿರವೋ ಇಪ್ಪತ್ತೋ ಸುರಿದೆ. ಅಪ್ಪನಿಗೆ ಹೇಳಿದ್ದು ಎಂಟು.

ಮನಸ್ಸು ಬದಲಾಗಿದ್ದು ಎರಡು ಮ್ಯಾಚ್ ನೋಡಿ. ಒಂದು, 2016ರ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಜಪಾನ್ ಜೋಡಿಗೂ ಇಂಡೋನೇಷ್ಯಾದ ಗ್ರೇಸಿಯಾ ಪೋಲಿ, ನಿತ್ಯಾ ಜೋಡಿಗೂ ನಡೆದದ್ದು. 161 ನಿಮಿಷ! ಎರಡೂ ಕಡೆಯವರು ಎತ್ತಿದ್ದೇ ಎತ್ತಿದ್ದು. ಇನ್ನೊಂದು ಅದೇ ವರ್ಷದ ರಿಯೊ ಒಲಿಂಪಿಕ್ಸ್ ಫೈನಲ್. ಮೂರನೇ ಗೇಮಲ್ಲಿ 16-19ರಲ್ಲಿ ಹಿಂದಿದ್ದ, ಜಪಾನಿನದೇ ಇನ್ನೊಂದು ಜೋಡಿ ತಕಹಾಶಿ, ಮತ್ಸುತೊಮೊ ಸತತ ಐದು ಪಾಯಿಂಟ್ ತೆಗೆದು ಚಿನ್ನ ಹೊಡೆದರು. ಹೆಂಗಸರ ಡಬಲ್ಸ್‌ನಲ್ಲಿ ಒಂದು ಸ್ಮ್ಯಾಷಿಗೆ ಪಾಯಿಂಟ್ ಸಿಗುವುದು ಕಮ್ಮಿ. ಐದಾರು ಹೊಡೆಯಬೇಕು. ಹಾಗಿದ್ದ ಮೇಲೆ ಹೊಡೆಯುವ ಕೆಲಸ ಎದುರಿನವರೇ ಮಾಡಲಿ, ಸುಸ್ತೂ ಅವರಿಗೇ ಆಗಲಿ ಅಂದುಕೊಂಡೆವು.

ಕಲಿತದ್ದು ಹೀಗೆ. ನಾವಿಬ್ಬರು ಒಂದು ಕಡೆ, ಎದುರಿಗೆ ಮೂವರು ಕಾಲೇಜು ಹುಡುಗರು, ಇಬ್ಬರು ಹಿಂದೆ, ಒಬ್ಬ ನೆಟ್ ಹತ್ತಿರ. ದಿನಕ್ಕೆ ಮುಕ್ಕಾಲು ಗಂಟೆ ಅವರು ಹೊಡೆಯಬೇಕು, ನಾವು ಬದುಕಬೇಕು. ಸಂಬಳ ಅಂತ ಏನಿಲ್ಲ, ಮದ್ದೂರು ವಡೆ ಮತ್ತು ಕಾಫಿ. ವಾರಕ್ಕೆ ಐನೂರರ ಹತ್ತಿರ ಬರುತ್ತಿತ್ತು, ಆ ಹುಡುಗರು ತಿನ್ನೋದು ನೋಡಬೇಕಿತ್ತು. ಮೊದಲ ತಿಂಗಳು ತೊಡೆ, ತೋಳೆಲ್ಲ ನೀಲಿ. ನಾಲ್ಕನೇ ತಿಂಗಳ ಹೊತ್ತಿಗೆ ಹುಡುಗಿಯರ ಸ್ಮ್ಯಾಷ್ ನಿಧಾನಕ್ಕೆ ಬಂದ ಹಾಗೆ ಕಾಣತೊಡಗಿತು. ಹಾಗಂತ ತಕ್ಷಣ ಗೆದ್ದೆವು ಅಂದುಕೊಳ್ಳಬೇಡಿ. ಆ ವರ್ಷ ಹತ್ತೋ ಹನ್ನೊಂದೋ ಟೂರ್ನಿ ಆಡಿ, ಎರಡನ್ನು ಬಿಟ್ಟು ಎಲ್ಲದರಲ್ಲೂ ಮೊದಲ ರೌಂಡಿಗೇ ಮನೆಗೆ. ಲಿಫ್ಟ್ ಅರ್ಧ ಅಡಿ ಗಿಡ್ಡವಾದರೂ ಸತ್ತೆವು ಅಂತಲೇ ಲೆಕ್ಕ.

ಫ್ಲಾಟ್ ಡ್ರೈವ್ ಬಂದದ್ದು ಮಾತ್ರ ಆಕಸ್ಮಿಕ. ಸಂಬಂಧದಲ್ಲಿ ಮಾವ ಆಗಬೇಕಾದವರು ಮಂಡ್ಯದಲ್ಲಿ ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುತ್ತಿದ್ದರು. ಆಷಾಢದಲ್ಲಿ ಮದುವೆ ಇಲ್ಲ, ಹಾಲ್ ಖಾಲಿ. ಕೋರ್ಟ್ ಬಾಡಿಗೆ ಉಳಿಯುತ್ತಲ್ಲ ಅಂತ ಕಂಬದಿಂದ ಕಂಬಕ್ಕೆ ನೆಟ್ ಕಟ್ಟಿದೆವು. ಸೂರು ತಗ್ಗು, ಸಾಲದ್ದಕ್ಕೆ ಸಾಲಾಗಿ ಫ್ಯಾನು. ಎತ್ತಿದರೆ ಕಾಕ್ ಫ್ಯಾನಿಗೆ. ಬೇರೆ ದಾರಿಯೇ ಇಲ್ಲದೆ ನೆಟ್ ಸವರಿಕೊಂಡು ಹೋಗುವ ಹಾಗೆ ತಳ್ಳುತ್ತಾ ಒಂದು ತಿಂಗಳು ಆಡಿದೆವು. ಪಾರ್ಟ್ನರ್ ಕೈತಪ್ಪಿದ ರಾಕೆಟ್ ಒಂದು ಫ್ಯಾನಿನ ರೆಕ್ಕೆ ಬಗ್ಗಿಸಿತು, ಮಾವ ಸಂಬಂಧ ಗಿಂಬಂಧ ನೋಡದೆ ಸಾವಿರದ ಎಂಟುನೂರು ವಸೂಲಿ ಮಾಡಿದರು. ಗ್ರಾನೈಟ್ ನೆಲದ ಮೇಲೆ ಆಡಬಾರದು ಅಂತ ನಿಮಗೆ ಗೊತ್ತು. ನಮಗೂ ಗೊತ್ತಿತ್ತು. ಮಂಡಿಗೆ ಮಾತ್ರ ಆಮೇಲೆ ಗೊತ್ತಾಯಿತು. ಆದರೂ ಸೊಂಟದ ಎತ್ತರಕ್ಕೆ ಬಂದ ಸ್ಮ್ಯಾಷನ್ನು ಅಡ್ಡಕ್ಕೆ ತಳ್ಳುವ ಹೊಡೆತ ಇವತ್ತು ಈ ಸುತ್ತಮುತ್ತ ನಮ್ಮಷ್ಟು ಚೆನ್ನಾಗಿ ಯಾರೂ ಹೊಡೆಯಲ್ಲ. ಹೇಳಿಕೊಳ್ಳಬಾರದು, ಹೇಳಿಕೊಂಡೆ.

2018ರಲ್ಲಿ ಸರ್ವ್ ಮಾಡುವಾಗ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು ಅಂತ ಮಾಡಿದರಲ್ಲ, ಅದು ಕುಳ್ಳಗಿರುವವರಿಗೆ ಹಬ್ಬ. ಉದ್ದ ಇರುವವರು ಬಗ್ಗಿ ಬಗ್ಗಿ ಸರ್ವ್ ಮಾಡುವಾಗ ನಾವು ಎದೆಯ ಹತ್ತಿರದಿಂದಲೇ ಆರಾಮಾಗಿ ತಳ್ಳುತ್ತೇವೆ. ಸರ್ವ್‌ಗೆ ಮುಂಚೆ ಬೆನ್ನ ಹಿಂದೆ ಬೆರಳು ತೋರಿಸುವುದು ಎಲ್ಲರೂ ಮಾಡುತ್ತಾರೆ. ನಮ್ಮದರಲ್ಲಿ ಬೆರಳು ಸುಮ್ನೆ ನೋಡುವವರಿಗೆ, ನಿಜವಾದ ಗುರುತು ಬೇರೆ ಕಡೆ ಇದೆ. ಎಲ್ಲಿ ಅಂತ ಹೇಳಲ್ಲ, ಇನ್ನೂ ಆಡುತ್ತಿದ್ದೇವೆ.

ದುಡ್ಡಿನ ವಿಷಯಕ್ಕೆ ಬರೋಣ. ಶುರುವಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಆಡ್ಕೊ ಕನವ್ವ, ಕಬ್ಬಿನ ಬಿಲ್ ಬರೋಗಂಟ ಮಾತ್ರ ಕಾಸು ಕೇಳ್ಬ್ಯಾಡ." ಕಬ್ಬಿನ ಬಿಲ್ ಯಾವಾಗ ಬರುತ್ತೆ ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷ ಡೈರಿಯಲ್ಲಿ ಬರೆದಿಟ್ಟಿದ್ದೆ. ಬಹುಮಾನದಿಂದ ನನ್ನ ಪಾಲಿಗೆ ಬಂದದ್ದು ನಲವತ್ತು ಸಾವಿರದ ಆಸುಪಾಸು. ಎಂಟ್ರಿ ಫೀಸು, ರೈಲು, ರೂಮು, ಗಟ್ಟಿಂಗ್ (ರಾಕೆಟ್‌ಗೆ ತಂತಿ ಕಟ್ಟಿಸೋದು), ಶೂ, ಕಾಕ್ ಸೇರಿ ಹೋದದ್ದು ಒಂದು ಲಕ್ಷದ ಮೇಲೆ. ಸ್ಪಾನ್ಸರ್ ಒಬ್ಬರು ಸಿಕ್ಕರು, ಎರಡು ಟೀಶರ್ಟ್ ಕೊಟ್ಟು ಹತ್ತು ಫೋಟೋ ತೆಗೆದುಕೊಂಡರು. ನಮ್ಮನ್ನು ಉಳಿಸಿದ್ದು ಬೆಳಿಗ್ಗೆ ಆರರ ಮಕ್ಕಳ ಬ್ಯಾಚು. ಆಮೇಲೆ ಶಕ್ತಿ ಯೋಜನೆ. 2023ರ ಜೂನ್‌ನಿಂದ ಮಂಡ್ಯ–ಮೈಸೂರು ಬಸ್ಸಿಗೆ ಒಂದು ರೂಪಾಯಿ ಕೊಟ್ಟಿಲ್ಲ. ನಗಬೇಡಿ, ತಿಂಗಳಿಗೆ ಒಂದು ಟ್ಯೂಬ್, ಅಂದರೆ ಒಂದು ಡಜನ್ ಕಾಕಿನ ದುಡ್ಡು ಅದು.

ಕಾಕ್ ರೇಟು ಏರಿದಾಗ ಹಬೆ ಪ್ರಯೋಗ ಶುರು ಮಾಡಿದೆ. ಹಬೆ ಹಿಡಿದರೆ ಗರಿ ಬೇಗ ಮುರಿಯಲ್ಲ, ಇದು ಹಳೇ ಉಪಾಯ. ನಾನು ಅಮ್ಮನ ಇಡ್ಲಿ ಪಾತ್ರೆಗೇ ಇಳಿಸಿದೆ. ಮೊದಲ ಟ್ಯೂಬ್ ಪೂರ್ತಿ ಹಾಳು. ಒಳಗೆ ನೀರು ಹೋಗಿ ಅಂಟು ಬಿಟ್ಟಿತು, ಕಾರ್ಕ್ ತೊಯ್ದು ಕಾಕ್ ಕಲ್ಲಿನ ಹಾಗಾಯಿತು. ಎರಡನೆಯದನ್ನು ಗರಿಯ ಕಡೆಯಿಂದ ಮಾತ್ರ ಹಬೆಗೆ ಹಿಡಿದು, ರಾತ್ರಿಯಿಡೀ ಆರಲು ಬಿಟ್ಟೆ. ಹನ್ನೆರಡರಲ್ಲಿ ಒಂಬತ್ತು ಚೆನ್ನಾಗಿ ಬಂದವು. ಈಗ ಒಂದು ಟ್ಯೂಬ್ ಪ್ರಾಕ್ಟೀಸಿಗೆ ಒಂದೂವರೆ ಪಟ್ಟು ಬಾಳಿಕೆ ಬರುತ್ತದೆ. ಎಷ್ಟು ಸೆಕೆಂಡ್ ಅನ್ನುವುದನ್ನು ನೀವೇ ಒಂದೆರಡು ಟ್ಯೂಬ್ ಸುಟ್ಟುಕೊಂಡು ಕಲಿಯಿರಿ.

ಚಾಮುಂಡಿ ಬೆಟ್ಟದ ಮೆಟ್ಟಿಲೂ ಒಂದು ಪ್ರಯೋಗವೇ. ಸಾವಿರ ಮೆಟ್ಟಿಲು ಹತ್ತಿ ಓಡಿ ಇಳಿಯುತ್ತಿದ್ದೆವು. ಮಂಡಿ ಊದಿತು. ಈಗ ಹತ್ತುತ್ತೇವೆ, ಇಳಿಯೋಕೆ ಸಿಟಿ ಬಸ್ಸು.

ಇನ್ನು ಮಂಗಳೂರು. ಅಲ್ಲಿ ಎರಡು ಸಲ ಹೋಗಿ ಎರಡು ಸಲವೂ ಸೋತಿದ್ದೇವೆ. ಮೈಸೂರು ಸಮುದ್ರ ಮಟ್ಟದಿಂದ 750 ಮೀಟರ್‌ಗೂ ಮೇಲಿದೆ, ಗಾಳಿ ತೆಳು, 76ರ ಕಾಕ್ (ನಂಬರ್ ಹೆಚ್ಚಾದಷ್ಟೂ ಕಾಕ್ ವೇಗ) ತಾನಾಗೇ ಓಡುತ್ತದೆ. ಮಂಗಳೂರಿನಲ್ಲಿ 77, 78 ಬೇಕು. ಮೊದಲ ಸಲ ಆಯೋಜಕರು ಅಲ್ಲೂ 76 ಕೊಟ್ಟರು, ನಮ್ಮ ಲಿಫ್ಟ್ ಎಲ್ಲ ನಡು ಕೋರ್ಟಿಗೆ ಬಿತ್ತು. ಹೊಡೆಯುವವರಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ, ಎತ್ತಿ ಬದುಕುವವರಿಗೆ ಪೂರ್ತಿ ಲುಕ್ಸಾನು. ಎರಡನೇ ಸಲದ ಸೋಲಿಗೆ ಕಾಕ್ ಕಾರಣ ಅಲ್ಲ, ಮೀನೂಟ.

ಮುಂದಿನ ತಿಂಗಳು ಮತ್ತೆ ಅಲ್ಲಿಗೆ ಎಂಟ್ರಿ ಹಾಕಿದ್ದೇವೆ. ಅದಕ್ಕೆ ಈ ಸಲ ಹುಡುಕಿ 75ರ ಎರಡು ಟ್ಯೂಬ್ ತರಿಸಿ ಮೈಸೂರಿನಲ್ಲೇ ಆಡುತ್ತಿದ್ದೇವೆ. ಕಾಕ್ ಮುಂದಕ್ಕೆ ಹೋಗುವುದೇ ಇಲ್ಲ, ಹಿಂದಿನ ಗೆರೆ ಮುಟ್ಟಿಸಲು ಮೈಯೆಲ್ಲ ಬಳಸಬೇಕು. ಮೂರು ದಿನ ಆಯಿತು. ಪಾರ್ಟ್ನರ್ ಬೆಳಿಗ್ಗೆ ಫೋನ್ ಮಾಡಿ, "ಜಡೆ ಹಾಕ್ಕೊಳ್ಳೋಕೂ ಕೈ ಎತ್ತೋಕಾಯ್ತಿಲ್ಲ ಕಣೇ, ನಿನ್ 75 ನೀನೇ ಆಡ್ಕೊ" ಅಂತ ಬೈದಳು. ಸಾಯಂಕಾಲ ಐದಕ್ಕೆ ಬಂದಿದ್ದಳು.