ಹೆಸರು ಬದಲಾದ ಫೈಲುಗಳ ಲೆಕ್ಕ ಕೊನೆಗೂ ಹತ್ತಿತು

ಹೋದ ವರ್ಷ ನನ್ನ 46 ಸಾವಿರ ರೂಪಾಯಿ ಬಿಲ್ಲು ಎರಡು ತಿಂಗಳು ನಿಂತಿತ್ತು. ದಾವಣಗೆರೆಯಲ್ಲಿ ಕೂತು ಅಡಿಕೆ ಮಂಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ, ಕೆಲಸ ಕೊಡುವವರು ಬೆಂಗಳೂರಿನವರು. ಕೋಡಿನಲ್ಲಿ ಎಷ್ಟು ಸಾಲು ಬದಲಾಯಿತು ಅನ್ನುವ ಸಾರಾಂಶ ನೋಡಿಯೇ ದುಡ್ಡು. ಆ ಸಲ ಫೋಲ್ಡರುಗಳನ್ನೆಲ್ಲ ಹೊಸದಾಗಿ ಜೋಡಿಸಿ, ಸಾಲುಗಳ ಮುಂದಿನ ಟ್ಯಾಬ್ ತೆಗೆದು ಸ್ಪೇಸ್ ಹಾಕಿದ್ದೆ. ಸಾರಾಂಶದಲ್ಲಿ ಬಂದದ್ದು ಸುಮಾರು 58 ಸಾವಿರ ಸಾಲು ಅಳಿಸಿದ್ದು, ಅಷ್ಟೇ ಸೇರಿಸಿದ್ದು.

"ಏನ್ರೀ, ಫೈಲು ಆ ಕಡೆಯಿಂದ ಈ ಕಡೆ ಇಟ್ಟಿದ್ದಕ್ಕೂ ಬಿಲ್ಲಾ?" ಅಂದರು ಫೋನಿನಲ್ಲಿ. ಹಮಾಲಿ, ಕಮಿಷನ್ ಕಡಿತದ ಲೆಕ್ಕ ಪೂರಾ ತಿದ್ದಿದ್ದೆ. ಅದೆಲ್ಲ ಆ ರಾಶಿಯಲ್ಲಿ ಹೂತುಹೋಗಿತ್ತು.

"ಗಿಟ್ಟೇ ಹುಡುಕ್ತದಲ್ಲೋ, ನೀನ್ಯಾಕೆ ತಲೆ ಕೆಡಿಸ್ಕಂತೀಯ" ಅಂದ ಜೊತೆಗಾರ. ಗಿಟ್ ಅಂದರೆ ಕೋಡಿನ ಹಳೇ, ಹೊಸ ರೂಪಗಳನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಫೋಲ್ಡರು ಬದಲಾದರೂ ಅದಕ್ಕೆ ಫೈಲಿನ ಹೆಸರು ಬದಲಾದಂತೆಯೇ. ಹುಡುಕುತ್ತದೆ, ಆದರೆ ಹೆಸರು ಬದಲಾದದ್ದನ್ನು ಅದು ಎಲ್ಲೂ ಬರೆದಿಡುವುದಿಲ್ಲ. ಡಿಫ್, ಅಂದರೆ ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ, ಕೇಳಿದಾಗ ಹೋಲಿಕೆ ನೋಡಿ ಅಂದಾಜು ಮಾಡುತ್ತದೆ. ನಮ್ಮ ಸರ್ವರಿನ ಹಳೇ ಗಿಟ್‌ನಲ್ಲಿ ರಿನೇಮ್ ಲಿಮಿಟ್, ಅಂದರೆ ಹೀಗೆ ಹೋಲಿಸಿ ನೋಡುವ ಫೈಲುಗಳ ಮಿತಿ, 400. ನನ್ನವು 620 ಫೈಲು. ಮಿತಿ ದಾಟಿದರೆ ಒಂದಕ್ಷರವೂ ಬದಲಾಗದ ಫೈಲುಗಳನ್ನಷ್ಟೇ ಜೋಡಿಸಿ, ಉಳಿದವನ್ನು ಕೈಬಿಡುತ್ತದೆ, ಅವು ಪೂರಾ ಅಳಿಸಿ ಹೊಸದಾಗಿ ಸೇರಿಸಿದಂತೆ ಲೆಕ್ಕಕ್ಕೆ ಬರುತ್ತವೆ. ಅದರ ಎಚ್ಚರಿಕೆಯ ಸಾಲನ್ನು ಸಾರಾಂಶ ತೆಗೆಯುವ ನನ್ನ ಸ್ಕ್ರಿಪ್ಟೇ ಎಸೆಯುತ್ತಿತ್ತು, ನನಗೆ ಕಂಡದ್ದು ಹನ್ನೊಂದನೇ ದಿನ.

ಲಿಮಿಟ್ ಏರಿಸಿದೆ. ಅರ್ಧವೂ ಜೋಡಿಯಾಗಲಿಲ್ಲ. ಸ್ಪೇಸ್ ಬಿಟ್ಟು ನೋಡು ಅನ್ನುವ ಡಬ್ಲ್ಯೂ ಆಪ್ಷನ್ ಹಾಕಿದರೂ ಅಷ್ಟೇ. ಆ ಆಪ್ಷನ್ ಸಾಲುಗಳನ್ನು ತೋರಿಸುವಾಗ ಕೆಲಸ ಮಾಡುತ್ತದೆಯೇ ಹೊರತು ಹೋಲಿಕೆ ಅಳೆಯುವಾಗ ಅಲ್ಲ. ಜೋಡಿ ಅನ್ನಲು ಬೇಕಾದ ಹೋಲಿಕೆಯ ಮಟ್ಟವನ್ನು ಶೇಕಡಾ 50ರಿಂದ 30ಕ್ಕೆ ಇಳಿಸಿದೆ, ಇನ್ನೂ ಕೆಟ್ಟಿತು: ರಾಶಿ ಅಡಿಕೆಯ ದರದ ಫೈಲು ಬೆಟ್ಟೆಯದಕ್ಕೆ, ಬೆಟ್ಟೆಯದು ಗೊರಬಲಿನದಕ್ಕೆ ಅಂಟಿಕೊಂಡವು. ಮೂರು ಬಗೆಯ ಅಡಿಕೆಯ ಈ ಫೈಲುಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು.

ಕೆಲಸಕ್ಕೆ ಬಂದ ದಾರಿ ಇದು. ಹಳೇ ಕೋಡ್, ಹೊಸ ಕೋಡ್ ಎರಡನ್ನೂ ಬೇರೆ ರೆಪೊಸಿಟರಿಗೆ (ಗಿಟ್ ಕೋಡು ಇಡುವ ಜಾಗಕ್ಕೆ) ನಕಲು ಮಾಡಿ, ಪ್ರತಿ ಸಾಲಿನ ಮುಂದಿನ ಖಾಲಿ ಜಾಗ, ಫೈಲಿನ ತಲೆಯ ಲೈಸೆನ್ಸ್ ಕಾಮೆಂಟು ಎಲ್ಲ ಕಿತ್ತು ಎರಡು ಕಮಿಟ್, ಅಂದರೆ ಹಳೇದೊಂದು ಹೊಸದೊಂದು ದಾಖಲೆ, ಮಾಡಿದೆ. ಅಲ್ಲಿ 70ರ ಮಟ್ಟದಲ್ಲಿ ರಿನೇಮ್ ಹುಡುಕಿಸಿ, ಹಳೇ ಹೆಸರು–ಹೊಸ ಹೆಸರಿನ ಪಟ್ಟಿಯನ್ನಷ್ಟೇ ತೆಗೆದುಕೊಂಡೆ. ಆಮೇಲೆ ಅಸಲಿ ರೆಪೊಸಿಟರಿಯಲ್ಲಿ ಆ ಪಟ್ಟಿಯಂತೆ ಒಂದೊಂದು ಜೋಡಿಗೂ ಬೇರೆಬೇರೆ ಡಿಫ್, ಈಗ ಡಬ್ಲ್ಯೂ ಸಮೇತ. 620ರಲ್ಲಿ 590ರಷ್ಟು ಸರಿಯಾಗಿ ಕೂತವು. ಹತ್ತು ಹನ್ನೆರಡು ಸಾಲಿನ ಪುಟ್ಟ ಫೈಲುಗಳಿಗೆ ಇನ್ನೊಂದು ಉಪಾಯ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ನಕಲು ಹುಡುಕುವ ಸಿ ಆಪ್ಷನ್ನನ್ನೂ, ಬದಲಾಗದ ಫೈಲುಗಳನ್ನೂ ಜಾಲಾಡುವ ಅದರ ಗಟ್ಟಿ ರೂಪವನ್ನೂ ಒಂದು ರಾತ್ರಿ ಓಡಿಸಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ದಿನಾ ಓಡಿಸುವಂಥದ್ದಲ್ಲ, ಆದರೆ ಆ ದರದ ಫೈಲುಗಳು ಯಾವ ಒಂದು ಫೈಲಿನಿಂದ ಹುಟ್ಟಿದವು ಅಂತ ತೋರಿಸಿಕೊಟ್ಟಿತು. ಮೂರನ್ನೂ ಒಂದೇ ಮಾಡಿದೆ.

ಹೊಸ ಸಾರಾಂಶದಲ್ಲಿ ನಿಜವಾಗಿ ಬದಲಾದದ್ದು ಸುಮಾರು 1,900 ಸಾಲು, 70 ಚಿಲ್ಲರೆ ಫೈಲುಗಳಲ್ಲಿ. ಕಳಿಸಿದ ಹತ್ತು ದಿನದೊಳಗೆ ಪೂರ್ತಿ ದುಡ್ಡು ಬಂತು. ಜೊತೆಗಾರ ಈಗ ತನ್ನ ಪ್ರಾಜೆಕ್ಟಿಗೂ ಅದೇ ಸ್ಕ್ರಿಪ್ಟ್ ಕೇಳಿ ಇಸಕೊಂಡಿದ್ದಾನೆ. ಒಂದು ಫೈಲು ಒಡೆದು ಎರಡಾದರೆ ಮಾತ್ರ ಇನ್ನೂ ಕೈಯಲ್ಲೇ ಎಣಿಸುತ್ತಿದ್ದೇನೆ.