ಸಾಂಝಾ ಚೂಲ್ಹಾ: ಓಣಿಗೊಂದು ತಂದೂರು ಕಟ್ಟಿ ಉರಿಸುವ ಬಗೆ

ಪಂಜಾಬಿನ ಹಳ್ಳಿಗಳಲ್ಲಿ ಓಣಿಯ ಮನೆಗಳೆಲ್ಲ ಸೇರಿ ಬಳಸುವ ತಂದೂರಿಗೆ, ಅಂದರೆ ಒಳಗೋಡೆಗೆ ರೊಟ್ಟಿ ಅಂಟಿಸಿ ಸುಡುವ ಹಂಡೆಯಾಕಾರದ ಮಣ್ಣಿನ ಒಲೆಗೆ, ಸಾಂಝಾ ಚೂಲ್ಹಾ ಎಂದು ಹೆಸರು. ಸಂಜೆಗೆ ಒಂದೇ ಬೆಂಕಿ. ಮನೆಯವರು ನಾದಿದ ಹಿಟ್ಟನ್ನು ಪರಾತದಲ್ಲಿ ತಂದು ಸರದಿಯಂತೆ ರೊಟ್ಟಿ ಸುಟ್ಟುಕೊಂಡು ಹೋಗುತ್ತಾರೆ. ಅಲ್ಲಿನ ಓಣಿಯೊಂದಕ್ಕೆ ನಾನು ತಂದೂರು ಕಟ್ಟಿ ಉರಿಸುವುದು ಹೀಗೆ.

ಜಿಗುಟು ಮಣ್ಣನ್ನು ಜರಡಿ ಹಿಡಿದು, ಗೋಧಿ ಹುಲ್ಲಿನ ಚೂರು ಬೆರೆಸಿ, ನೆನೆಸಿ ತುಳಿಯುತ್ತೇನೆ. ಮೇಕೆಯ ಕೂದಲು ಸೇರಿಸಿದರೆ ಬಿರುಕು ಹರಡುವುದಿಲ್ಲ. ಗೋಡೆ 2 ಇಂಚು ದಪ್ಪ, ಎತ್ತರ ಎರಡೂವರೆ ಅಡಿ, ಹೊಟ್ಟೆಯ ಅಗಲ 2 ಅಡಿ, ಬಾಯಿ 14 ಇಂಚು. ದಿನಕ್ಕೆ ನಾಲ್ಕು ಬೆರಳಷ್ಟೇ ಏರಿಸಬೇಕು. ಕೆಳಗಿನ ಸುತ್ತು ಬಿಗಿಯುವ ಮೊದಲೇ ಹೊರೆ ಬಿದ್ದರೆ ಹೊಟ್ಟೆ ಕುಸಿಯುತ್ತದೆ. ಬುಡದಲ್ಲಿ ಮುಷ್ಟಿಯಷ್ಟು ಗಾಳಿಕಿಂಡಿ. ಒಣಗಿಸುವುದು ನೆರಳಲ್ಲೇ, ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಸೀಳುತ್ತದೆ. ಆಮೇಲೆ ಸಾಸಿವೆ ಎಣ್ಣೆ, ಬೆಲ್ಲ, ಅರೆದ ಪಾಲಕ್ ಒಳಗೆ ಬಳಿದು ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಬಳಿಯಬೇಕು. ಇಲ್ಲಿ ಆತುರಪಟ್ಟರೆ ರೊಟ್ಟಿಯ ಜೊತೆ ಮಣ್ಣೂ ಎದ್ದು ಬರುತ್ತದೆ.

ಉರಿಗೆ ಮೊದಲು ಹತ್ತಿಕಟ್ಟಿಗೆ, ಆಮೇಲೆ ಜಾಲಿ. ಗೋಡೆ ಮಸಿಯಿಂದ ಕಪ್ಪಾಗುತ್ತದೆ. ಕಾವು ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಮಣ್ಣು ಬೆಳ್ಳಗಾಗುತ್ತದೆ. ಸುತ್ತಲೂ ಹಾಗೆ ಬೆಳ್ಳಗಾಗುವ ತನಕ ಯಾರ ಹಿಟ್ಟನ್ನೂ ಮುಟ್ಟಬಾರದು. ಯಾವ ಮಾಪಕಕ್ಕಿಂತಲೂ ನಾನು ಈ ಬಣ್ಣವನ್ನೇ ನಂಬುತ್ತೇನೆ. ಜ್ವಾಲೆ ಇಳಿದು ಕೆಂಡವಾದಾಗ ಗಾಳಿಕಿಂಡಿಯನ್ನು ಅರ್ಧ ಮುಚ್ಚಿ, ಗೋಡೆಗೆ ಉಪ್ಪುನೀರು ಚಿಮುಕಿಸಿ ಶುರು ಮಾಡುತ್ತೇನೆ.

ತೊಂದರೆ ಹೆಚ್ಚಾಗಿ ಹಿಟ್ಟಿನದು, ಏಕೆಂದರೆ ಒಂದೊಂದು ಮನೆಯ ಹದ ಒಂದೊಂದು. ಓಣಿಗೆಲ್ಲ ಒಂದೇ ಅಳತೆ ಹೇಳಿದ್ದೇನೆ: 1 ಕೆ.ಜಿ. ಗೋಧಿ ಹಿಟ್ಟಿಗೆ 600ರಿಂದ 650 ಮಿ.ಲೀ. ನೀರು, 10 ಗ್ರಾಂ ಉಪ್ಪು, ಅರ್ಧ ಗಂಟೆ ನೆನೆಯಲಿ. 80 ಗ್ರಾಂ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ಒಂದು ಮಗ್ಗುಲಿಗೆ ನೀರು ಸವರಿ, ಬಟ್ಟೆಯ ದಿಂಬಿನಿಂದ ಗೋಡೆಗೆ ಒತ್ತಬೇಕು. ಒಂದು, ಒಂದೂವರೆ ನಿಮಿಷ ಸಾಕು. ಕಳಚಿ ಕೆಂಡಕ್ಕೆ ಬಿದ್ದರೆ ಗೋಡೆ ತಣಿದಿದೆ, ಇಲ್ಲವೇ ರೊಟ್ಟಿಗೆ ಒಣಹಿಟ್ಟು ಮೆತ್ತಿಕೊಂಡಿದೆ. ಮೇಲೆ ಕರಕಲಾಗಿ ಒಳಗೆ ಹಸಿ ಉಳಿದರೆ ಜ್ವಾಲೆ ಇಳಿಯುವ ಮೊದಲೇ ರೊಟ್ಟಿಯನ್ನು ಗೋಡೆಗೆ ಒತ್ತಿದ್ದೀರಿ.

ತೆಳು ರೊಟ್ಟಿಯವರು ಮೊದಲು, ಕಡಲೆ ಹಿಟ್ಟು ಬೆರೆಸಿದ ದಪ್ಪನೆಯ ಮಿಸ್ಸಿ ರೊಟ್ಟಿಯವರು ಆಮೇಲೆ. ದಪ್ಪ ರೊಟ್ಟಿಗೆ ಇಳಿದ ಕಾವೇ ಹಿತ. ನಡುವೆ ಗೋಡೆ ತಣಿದರೆ ಹಿಡಿ ಹತ್ತಿಕಟ್ಟಿಗೆ ಹಾಕಿ, ಉರಿ ಅಡಗುವವರೆಗೆ ಸರದಿ ನಿಲ್ಲಿಸುತ್ತೇನೆ. ಎಲ್ಲರದೂ ಮುಗಿದ ಮೇಲೆ ಉದ್ದಿನ ಬೇಳೆಯ ಮಡಕೆಯನ್ನು ಕೆಂಡದ ಮೇಲಿಟ್ಟು ಬಾಯಿ, ಕಿಂಡಿ ಎರಡನ್ನೂ ಮುಚ್ಚಿದರೆ ಬೆಳಗಿನ ಹೊತ್ತಿಗೆ ಬೇಳೆ ಬೆಂದಿರುತ್ತದೆ, ಗೋಡೆಯೂ ಬೆಚ್ಚಗಿದ್ದು ಮರುದಿನ ಕಟ್ಟಿಗೆ ಕಡಿಮೆ ಸಾಕಾಗುತ್ತದೆ.