ಕೃತಿಚೌರ್ಯ ತಪ್ಪಿಸುವ ಕೆಲಸ ಶುರುವಾಗುವುದು ನೋಟ್ಸ್ ಪುಸ್ತಕದಲ್ಲಿ

ಅಸೈನ್‌ಮೆಂಟಿನಲ್ಲಿ ಕೃತಿಚೌರ್ಯ ಮಾಡಿ ಸಿಕ್ಕಿಬೀಳುವ ವಿದ್ಯಾರ್ಥಿಗಳಲ್ಲಿ ಹಲವರು ಕದಿಯಬೇಕೆಂದೇ ಕೂತವರಲ್ಲ. ಮೂರು ವಾರದ ಹಿಂದೆ ಯಾವುದೋ ಪುಟದಿಂದ ಎತ್ತಿ ಫೈಲಿಗೆ ಅಂಟಿಸಿಕೊಂಡ ಸಾಲು, ಬರೆಯಲು ಕೂತ ದಿನ ತಮ್ಮದೇ ಸಾಲಿನ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಹೆಸರಿಲ್ಲ, ಲಿಂಕ್ ಇಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಅಲ್ಲಿಂದ ಅದು ಸದ್ದಿಲ್ಲದೆ ಪ್ರಬಂಧದೊಳಗೆ ಸೇರಿಕೊಳ್ಳುತ್ತದೆ. ಜಾಗ್ರತೆ ಬೇಕಾದದ್ದು ಓದಿ ಟಿಪ್ಪಣಿ ಮಾಡಿಕೊಳ್ಳುವ ಹೊತ್ತಿನಲ್ಲೇ.

ಎರಡು ಬೇರೆ ಬೇರೆ ತಪ್ಪುಗಳು

ಕೃತಿಚೌರ್ಯ ಮತ್ತು ಹಕ್ಕುಸ್ವಾಮ್ಯ ಉಲ್ಲಂಘನೆ ಎರಡೂ ಒಂದೇ ಎಂದುಕೊಂಡವರು ಬಹಳ. ಇನ್ನೊಬ್ಬರ ಮಾತನ್ನೋ ವಿಚಾರವನ್ನೋ ತನ್ನದೆಂಬಂತೆ ತೋರಿಸುವುದು ಕೃತಿಚೌರ್ಯ. ಅನುಮತಿ ಬೇಕಾದ ಕಡೆ ಅನುಮತಿಯಿಲ್ಲದೆ ಕೃತಿಯನ್ನು ನಕಲು ಮಾಡುವುದು, ಹಂಚುವುದು ಹಕ್ಕುಸ್ವಾಮ್ಯ ಉಲ್ಲಂಘನೆ. ಮುನ್ನೂರು ವರ್ಷ ಹಿಂದಿನ ಲೇಖಕನ ಪುಟವೊಂದನ್ನು ಹೆಸರಿಲ್ಲದೆ ಎತ್ತಿದರೆ ಕಾನೂನಿನ ತಕರಾರು ಬಾರದು, ಆದರೆ ಅದು ಕೃತಿಚೌರ್ಯವೇ. ಛಾಯಾಗ್ರಾಹಕರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಕೇಳದೆ ಅವರ ಚಿತ್ರವನ್ನು ಸಾರ್ವಜನಿಕ ಜಾಲತಾಣಕ್ಕೆ ಏರಿಸಿದರೆ ಕೃತಿಚೌರ್ಯವಾಗದು, ಆದರೆ ಹಕ್ಕುಸ್ವಾಮ್ಯ ಮುರಿದಂತಾಗಬಹುದು. ‘ಹೆಸರು ಹಾಕಿದ್ದೇನಲ್ಲ’ ಎಂಬ ಉತ್ತರ ಮೊದಲನೆಯ ತಪ್ಪಿಗಷ್ಟೇ ಮದ್ದು.

‘ಕಾಪಿರೈಟ್ ಗುರುತೇ ಇರಲಿಲ್ಲ’ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ರಚನೆಯಾದಾಗಲೇ ಹಕ್ಕು ತಾನಾಗಿ ಬರುತ್ತದೆ. ನೋಂದಣಿಯಾಗಲಿ, ಗುರುತಾಗಲಿ ಬೇಕಿಲ್ಲ. ಸಾಮಾನ್ಯವಾಗಿ ಲೇಖಕರ ಜೀವಿತಾವಧಿ ಮತ್ತು ಆಮೇಲೆ ಕನಿಷ್ಠ 50 ವರ್ಷ ಅದು ಉಳಿಯುತ್ತದೆ. ಹಲವು ದೇಶಗಳಲ್ಲಿ 70 ವರ್ಷ. ಹಕ್ಕುಸ್ವಾಮ್ಯ ಕಾಯುವುದು ಅಭಿವ್ಯಕ್ತಿಯನ್ನು, ಅಂದರೆ ಹೇಳಿದ ರೀತಿಯನ್ನು. ವಿಚಾರಕ್ಕೂ ವಾಸ್ತವಾಂಶಕ್ಕೂ ಆ ರಕ್ಷಣೆ ಇಲ್ಲ. ಆದರೂ ಇನ್ನೊಬ್ಬರ ವಿಚಾರ ಬಳಸಿದಾಗ ಅವರ ಹೆಸರು ಹೇಳಲೇಬೇಕು. ಅದು ಓದು-ಬರಹದ ಲೋಕದ ನಿಯಮ. ಪೇಟೆಂಟ್ ಆವಿಷ್ಕಾರಕ್ಕೆ, ಟ್ರೇಡ್‌ಮಾರ್ಕ್ ವ್ಯಾಪಾರದ ಗುರುತಿಗೆ ಸಂಬಂಧಿಸಿದವು. ಪ್ರಬಂಧ ಬರೆಯುವವರಿಗೆ ಅವು ಎದುರಾಗುವುದು ಕಡಿಮೆ.

ಟಿಪ್ಪಣಿ ಮಾಡುವ ಕ್ರಮ

ಹೊಸ ಆಕರ ತೆರೆದ ಕೂಡಲೇ, ಒಂದು ಸಾಲೂ ಓದುವ ಮೊದಲು, ಅದರ ವಿವರ ಬರೆದುಕೊಳ್ಳಿ: ಲೇಖಕರ ಹೆಸರು, ಶೀರ್ಷಿಕೆ, ಪತ್ರಿಕೆ ಅಥವಾ ಜಾಲತಾಣ, ಪ್ರಕಟವಾದ ದಿನ, ಪುಟ ಸಂಖ್ಯೆ, ಲಿಂಕ್, ನೀವು ನೋಡಿದ ದಿನಾಂಕ. ಸಂಶೋಧನಾ ಲೇಖನವಾದರೆ 10ರಿಂದ ಶುರುವಾಗುವ ಡಿಒಐ, ಅಂದರೆ ಆ ಲೇಖನಕ್ಕೆಂದೇ ಕೊಟ್ಟ ಕಾಯಂ ಗುರುತು ಸಂಖ್ಯೆ, ಇದೆಯೇ ನೋಡಿ, ಇದ್ದರೆ ಅದನ್ನೂ ಬರೆದುಕೊಳ್ಳಿ. ಲಿಂಕ್ ಮುರಿಯಬಹುದು, ಡಿಒಐ ಹಾಗೆ ಸುಲಭಕ್ಕೆ ಮುರಿಯುವುದಿಲ್ಲ. ಪುಟ ನಾಳೆ ಬದಲಾಗಬಹುದು ಅನ್ನಿಸಿದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಪ್ರತಿಯನ್ನು ಉಳಿಸಿ, ಆ ಲಿಂಕನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಕರಗಳು ಹತ್ತು ದಾಟುವ ಹಾಗಿದ್ದರೆ ಆಕರಗಳ ವಿವರ ಜೋಡಿಸಿಡುವ, ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶ ಬಳಸಿ. ಅದು ತಾನೇ ತುಂಬಿದ ವಿವರವನ್ನು ಕುರುಡಾಗಿ ನಂಬಬೇಡಿ: ವರ್ಷ ಬಿಟ್ಟುಹೋಗುವುದು, ಲೇಖಕರ ಜಾಗದಲ್ಲಿ ಜಾಲತಾಣದ ಹೆಸರು ಕೂರುವುದು ಆಗಾಗ ನಡೆಯುತ್ತದೆ.

ಇನ್ನು ಟಿಪ್ಪಣಿ. ಪ್ರತಿ ಟಿಪ್ಪಣಿಯ ಮುಂದೆ ಒಂದು ಅಕ್ಷರ ಹಾಕಿ. ಆಕರದ ಮಾತನ್ನು ಇದ್ದ ಹಾಗೇ ಬರೆದುಕೊಂಡಿದ್ದರೆ ‘ಉ’, ಅಂದರೆ ಉದ್ಧರಣೆ. ಜೊತೆಗೆ ಉದ್ಧರಣ ಚಿಹ್ನೆ ಮತ್ತು ಪುಟ ಸಂಖ್ಯೆ ಕಡ್ಡಾಯ. ನಿಮ್ಮ ಮಾತಿನಲ್ಲಿ ಬರೆದ ಸಾರವಾದರೆ ‘ಸಾ’. ಓದುವಾಗ ನಿಮಗೇ ಹೊಳೆದ ವಿಚಾರವಾದರೆ ‘ನ’. ಮೊದಲ ಎರಡಕ್ಕೂ ಆಕರದ ಹೆಸರು ಬೇಕು, ಮೂರನೆಯದಕ್ಕೆ ಬೇಡ. ಇಷ್ಟು ಮಾಡಿದರೆ ತಿಂಗಳ ನಂತರ ಫೈಲು ತೆರೆದಾಗಲೂ ಯಾವುದು ಯಾರದ್ದು ಎಂಬ ಅನುಮಾನ ಬರುವುದಿಲ್ಲ. ಕಾಪಿ-ಪೇಸ್ಟ್ ಮಾಡಲೇಬೇಕಾದರೆ ಅದಕ್ಕೆಂದೇ ಬೇರೆ ಫೈಲ್ ಇಡಿ. ಪ್ರಬಂಧದ ಕರಡಿಗೆ ನೇರ ಅಂಟಿಸಿ ‘ಆಮೇಲೆ ತಿದ್ದುತ್ತೇನೆ’ ಎಂದುಕೊಂಡ ಸಾಲುಗಳೇ ಕೊನೆಗೆ ತಿದ್ದದೆ ಉಳಿಯುವುದು.

ಸ್ವಂತ ಮಾತು ಎಂದರೆ ಎಷ್ಟು ಸ್ವಂತ?

ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಆಕರದಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಕಾಡಿನ ಬಗ್ಗೆ ಹೀಗೊಂದು ಸಾಲು ಇದೆ ಎಂದಿಟ್ಟುಕೊಳ್ಳಿ:

“ಕಾಂಡ್ಲಾ ಕಾಡಿನ ದಟ್ಟ ಬೇರುಗಳು ಅಲೆಗಳ ರಭಸವನ್ನು ತಗ್ಗಿಸಿ, ನೀರಿನೊಂದಿಗೆ ಬರುವ ಹೂಳನ್ನು ಹಿಡಿದಿಟ್ಟುಕೊಂಡು, ಕರಾವಳಿಯ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ.”

ಇದನ್ನು ವಿದ್ಯಾರ್ಥಿಯೊಬ್ಬರು ಹೀಗೆ ಬದಲಿಸುತ್ತಾರೆ:

“ಕಾಂಡ್ಲಾ ವನದ ಒತ್ತಾದ ಬೇರುಗಳು ತೆರೆಗಳ ವೇಗವನ್ನು ಕಡಿಮೆ ಮಾಡಿ, ನೀರಿನ ಜೊತೆ ಬರುವ ಹೂಳನ್ನು ಹಿಡಿದು, ಕಡಲತೀರದ ಮಣ್ಣು ಸವೆಯದಂತೆ ನೋಡಿಕೊಳ್ಳುತ್ತವೆ.”

ಕಾಡು ವನವಾಯಿತು, ಅಲೆ ತೆರೆಯಾಯಿತು, ರಭಸ ವೇಗವಾಯಿತು. ಆದರೆ ವಾಕ್ಯದ ಎಲುಬು ಹಾಗೇ ಇದೆ: ಅದೇ ಮೂರು ಕ್ರಿಯೆ, ಅದೇ ಸರದಿ. ಪದಕ್ಕೆ ಪದ ಬದಲಿಸಿದ ಇಂಥ ತೇಪೆ ಬರಹ, ಕೆಳಗೆ ಆಕರದ ಹೆಸರು ಹಾಕಿದರೂ ಸ್ವಂತ ಮಾತಾಗುವುದಿಲ್ಲ. ಅರ್ಥಮಾಡಿಕೊಂಡು ಬರೆದರೆ ಸಾಲು ಹುಟ್ಟುವ ಬಗೆಯೇ ಬೇರೆ:

“ಕಡಲ ಪಕ್ಕದ ನೆಲ ಉಳಿಯುವುದರಲ್ಲಿ ಕಾಂಡ್ಲಾ ಗಿಡದ ಬೇರುಗಳ ಪಾಲು ದೊಡ್ಡದು. ಬರುವ ನೀರಿನ ಬಲ ಅವುಗಳ ನಡುವೆ ಕುಗ್ಗುತ್ತದೆ. ನೀರು ಹೊತ್ತು ತಂದ ಹೂಳು ಅಲ್ಲೇ ತಂಗುತ್ತದೆ (ಲೇಖಕರ ಹೆಸರು, ವರ್ಷ).”

ಹೀಗೆ ಬರೆಯಲು ಒಂದು ದಾರಿಯಿದೆ. ಪ್ಯಾರಾವನ್ನು ಎರಡು ಸಲ ಓದಿ, ಟ್ಯಾಬ್ ಮುಚ್ಚಿ. ಆ ವಿಷಯ ಗೊತ್ತಿಲ್ಲದ ಗೆಳೆಯರಿಗೆ ಬಾಯಲ್ಲಿ ಹೇಳುವ ಹಾಗೆ ಬರೆಯಿರಿ. ಆಮೇಲಷ್ಟೇ ಟ್ಯಾಬ್ ತೆರೆದು ಸಂಖ್ಯೆ, ಹೆಸರು, ಅರ್ಥ ಸರಿಯಿದೆಯೇ ಎಂದು ತಾಳೆ ನೋಡಿ. ಟ್ಯಾಬ್ ಮುಚ್ಚಿದ ಮೇಲೆ ಏನೂ ಬರೆಯಲಾಗದಿದ್ದರೆ ವಿಷಯ ಇನ್ನೂ ತಲೆಗೆ ಹೋಗಿಲ್ಲ, ಮತ್ತೊಮ್ಮೆ ಓದಬೇಕು. ತಾಂತ್ರಿಕ ಪದಗಳನ್ನು ಬದಲಿಸಲು ಹೋಗಬೇಡಿ. ದ್ಯುತಿಸಂಶ್ಲೇಷಣೆಗೆ ಬೇರೆ ಪದ ಹುಡುಕಿದರೆ ಅರ್ಥ ಕೆಡುತ್ತದೆಯೇ ಹೊರತು ಸ್ವಂತಿಕೆ ಬರುವುದಿಲ್ಲ. ಮೂಲದ ಮಾತು ಅಷ್ಟು ಚೆನ್ನಾಗಿದ್ದರೆ, ಅಥವಾ ಆ ಮಾತನ್ನೇ ನೀವು ಚರ್ಚಿಸುವುದಿದ್ದರೆ, ಉದ್ಧರಣ ಚಿಹ್ನೆಯೊಳಗೆ ಅಕ್ಷರ ಬದಲಿಸದೆ ಕೊಡಿ.

ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಹೆಸರಿಲ್ಲದೆ ಕೊಡುವುದೂ ಕೃತಿಚೌರ್ಯ. ‘ಪ್ರತಿಯೊಂದು ಪದವೂ ನಾನೇ ಬರೆದದ್ದು’ ಎಂದು ಅನ್ನಿಸುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪದ ನಿಮ್ಮದಿರಬಹುದು, ವಾದ, ಉದಾಹರಣೆ, ಅವುಗಳ ಜೋಡಣೆ ಮೂಲ ಲೇಖಕರದ್ದು. ‘ಅನುವಾದ ನನ್ನದು’ ಎಂದು ಬರೆದು ಮೂಲವನ್ನು ಹೆಸರಿಸಿ. ಇಡೀ ಲೇಖನವನ್ನು ಅನುವಾದಿಸಿ ಪ್ರಕಟಿಸಲು ಹೊರಟರೆ ಅನುಮತಿಯೂ ಬೇಕು, ಏಕೆಂದರೆ ಅನುವಾದದ ಹಕ್ಕು ಹಕ್ಕುದಾರರಿಗೇ ಸೇರಿದ್ದು.

ಎಲ್ಲರಿಗೂ ಗೊತ್ತಿರುವ ಸಂಗತಿಗೆ, ಉದಾಹರಣೆಗೆ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದಕ್ಕೆ, ಆಕರ ಬೇಡ. ಅನುಮಾನ ಬಂದರೆ ಕೊಟ್ಟುಬಿಡಿ. ಕಳೆದ ವರ್ಷದ ನಿಮ್ಮದೇ ಅಸೈನ್‌ಮೆಂಟಿನ ಭಾಗವನ್ನು ಮತ್ತೆ ಬಳಸುವುದಾದರೆ ಅಧ್ಯಾಪಕರನ್ನು ಮೊದಲೇ ಕೇಳಿ.

ಆಕರವನ್ನು ಒರೆಗೆ ಹಚ್ಚುವುದು

ಅಪರಿಚಿತ ಜಾಲತಾಣ ಸಿಕ್ಕಾಗ ಅದರ ‘ನಮ್ಮ ಬಗ್ಗೆ’ ಪುಟ ಓದಿ ತೃಪ್ತಿಪಡಬೇಡಿ; ತನ್ನ ಬಗ್ಗೆ ತಾನು ಒಳ್ಳೆಯದನ್ನೇ ಹೇಳಿಕೊಂಡಿರುತ್ತದೆ. ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು, ಆ ತಾಣದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಹುಡುಕಿ. ವಿಕಿಪೀಡಿಯವನ್ನು ದಾರಿ ತೋರುವ ನಕ್ಷೆಯ ಹಾಗೆ ಬಳಸಿ: ಲೇಖನದ ಅಡಿಟಿಪ್ಪಣಿಗೆ ಹೋಗಿ, ಅಲ್ಲಿರುವ ಮೂಲವನ್ನು ತೆರೆದು, ಅದು ನಿಜಕ್ಕೂ ಹಾಗೆ ಹೇಳಿದೆಯೇ ನೋಡಿ, ಮೂಲವನ್ನೇ ಉಲ್ಲೇಖಿಸಿ. ಓದದ ಪುಸ್ತಕವನ್ನು ಓದಿದಂತೆ ಉಲ್ಲೇಖಿಸುವುದು ಬೇಡ. ಒಬ್ಬರ ಮಾತು ಇನ್ನೊಬ್ಬರ ಪುಸ್ತಕದಲ್ಲಿ ಸಿಕ್ಕಿದ್ದರೆ ಇಬ್ಬರನ್ನೂ ಹೆಸರಿಸಿ.

ಪ್ರಕಟವಾದ ಸಂಶೋಧನೆಯೂ ಹಿಂತೆಗೆತಕ್ಕೆ ಒಳಗಾಗಿರಬಹುದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅಂಥ ಲೇಖನದ ಹಳೆಯ ಪಿಡಿಎಫ್ ಯಾರದೋ ಫೋನಿನಿಂದ ನಿಮಗೆ ಬಂದರೆ ಅದರ ಮೇಲೆ ಈ ಸೂಚನೆ ಇರದು. ಅದಕ್ಕೇ ಡಿಒಐ ಹಾಕಿ ಪ್ರಕಾಶಕರ ಪುಟಕ್ಕೇ ಹೋಗಿ ನೋಡಬೇಕು.

ಎಐ ಚಾಟ್‌ಬಾಟ್ ಕೊಟ್ಟ ಆಕರಕ್ಕಂತೂ ಇದು ಕಡ್ಡಾಯ. ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆಯ ಹೆಸರು ಸೇರಿಸಿ ಎಂದೂ ಬರೆಯದ ಲೇಖನವನ್ನು ಅವು ಕಟ್ಟಿಕೊಡುವುದುಂಟು. ಡಿಒಐ ತೆರೆಯದಿದ್ದರೆ, ತೆರೆದರೂ ಬೇರೆ ಶೀರ್ಷಿಕೆ ಬಂದರೆ, ಆ ಆಕರವನ್ನು ಕೈಬಿಡಿ. ಎಐ ಬಳಸಲು ಅನುಮತಿ ಇದ್ದರೆ ಯಾವ ಉಪಕರಣ, ಯಾವ ಕೆಲಸಕ್ಕೆ ಎಂದು ಒಂದು ಸಾಲು ಬರೆಯಿರಿ.

ಚಿತ್ರಗಳು

‘ಕೃಪೆ: ಗೂಗಲ್’ ಎಂದು ಬರೆಯುವುದು ಗ್ರಂಥಾಲಯದಿಂದ ಪುಸ್ತಕ ತಂದು, ಕಪಾಟನ್ನು ಲೇಖಕ ಎಂದ ಹಾಗೆ. ಚಿತ್ರದ ಮೂಲ ಪುಟಕ್ಕೆ ಹೋಗಿ ಲೈಸೆನ್ಸ್ ಓದಿ. ಕೃತಿಕಾರರು ಕೆಲವು ಷರತ್ತಿನ ಮೇಲೆ ಬಳಕೆಗೆ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳಲ್ಲಿ ‘ಬಿವೈ’ ಇದ್ದರೆ ಹೆಸರು ಹಾಕಬೇಕು, ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಇಲ್ಲ, ‘ಎನ್‌ಡಿ’ ಇದ್ದರೆ ಮಾರ್ಪಡಿಸಿದ್ದನ್ನು ಹಂಚುವಂತಿಲ್ಲ, ‘ಎಸ್‌ಎ’ ಇದ್ದರೆ ಮಾರ್ಪಡಿಸಿದ್ದನ್ನು ಅದೇ ಲೈಸೆನ್ಸಿನಲ್ಲಿ ಹಂಚಬೇಕು. ‘ಸಿಸಿ0’ ಎಂದಿದ್ದರೆ ಕಾನೂನಿನ ಷರತ್ತಿಲ್ಲ. ಆದರೂ ಪ್ರಬಂಧದಲ್ಲಿ ಮೂಲ ತಿಳಿಸಿ. ಚಿತ್ರದ ಕೆಳಗಿನ ಸಾಲು ಹೀಗಿರಲಿ: “ಚಿತ್ರ 2: ಶೀರ್ಷಿಕೆ, ತೆಗೆದವರ ಹೆಸರು, ವಿಕಿಮೀಡಿಯಾ ಕಾಮನ್ಸ್, ಸಿಸಿ ಬಿವೈ-ಎಸ್‌ಎ 4.0, ಅಂಚು ಕತ್ತರಿಸಲಾಗಿದೆ.” ಮೂಲ ಪುಟದ ಮತ್ತು ಲೈಸೆನ್ಸಿನ ಲಿಂಕನ್ನೂ ಜೊತೆಗಿಡಿ.

ಸಲ್ಲಿಸುವ ಮೊದಲು

ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ತೋರಿಸುವ ಶೇಕಡಾವಾರು, ಕೃತಿಚೌರ್ಯದ ಅಳತೆಯಲ್ಲ. ಬೇರೆಡೆ ಇರುವ ಪಠ್ಯದೊಂದಿಗೆ ಎಷ್ಟು ಹೊಂದುತ್ತದೆ ಎಂಬ ಲೆಕ್ಕ ಅಷ್ಟೆ. ಆಕರ ಪಟ್ಟಿಯೂ ಸರಿಯಾಗಿ ಉದ್ಧರಿಸಿದ ಸಾಲುಗಳೂ ಅದರಲ್ಲಿ ಸೇರಿರಬಹುದು. ಸಂಖ್ಯೆ ಇಳಿಸಲು ಪದ ಬದಲಿಸುತ್ತಾ ಕೂರಬೇಡಿ; ಅದು ಮೇಲೆ ಹೇಳಿದ ತೇಪೆ ಕೆಲಸವೇ. ತಂತ್ರಾಂಶ ಬಣ್ಣ ಹಚ್ಚಿ ತೋರಿಸಿದ ಒಂದೊಂದೇ ಸಾಲು ತೆರೆದು ನೋಡಿ: ಉದ್ಧರಣ ಚಿಹ್ನೆ ಇದೆಯೇ, ಆಕರ ಇದೆಯೇ? ಒಂದೇ ಆಕರದಿಂದ ಬಂದ ಉದ್ದನೆಯ ಪ್ಯಾರಾ ಇದ್ದರೆ, ಒಟ್ಟು ಸಂಖ್ಯೆ ಎಷ್ಟೇ ಸಣ್ಣದಿರಲಿ, ಅದನ್ನು ಮೊದಲು ಸರಿಪಡಿಸಿ.

ಕೊನೆಯ ರಾತ್ರಿ ಯಾವುದೋ ಸಾಲಿನ ಆಕರ ಕಳೆದುಹೋಗಿರುವುದು ಗೊತ್ತಾದರೆ, ಆ ಸಾಲಿನ ಏಳೆಂಟು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬ್ರೌಸರಿನ ಹಿಸ್ಟರಿಯನ್ನೂ ನೋಡಿ. ಅರ್ಧ ಗಂಟೆಯಲ್ಲಿ ಸಿಗದಿದ್ದರೆ ಆ ಸಾಲನ್ನು ತೆಗೆದುಬಿಡಿ, ಅಂದಾಜಿನ ಆಕರ ಹಾಕಬೇಡಿ. ಸಲ್ಲಿಸಿದ ಮೇಲೆ ತಪ್ಪು ಕಂಡರೆ, ಯಾವ ಪುಟ, ಯಾವ ಸಾಲು, ಸರಿಯಾದ ಆಕರ ಯಾವುದು ಎಂದು ಬರೆದು ಅಧ್ಯಾಪಕರಿಗೆ ಅಂದೇ ಕಳುಹಿಸಿ.